ಪಥ್ಯದ ಪಟ್ಟಿಯಲ್ಲಿ ಇಲ್ಲದ್ದು

ನಿರಾಲಿನ್ ಎಂಬ ಔಷಧ ಜನರ ನಡುವೆ ಬದುಕಿದ್ದು ಹದಿನಾಲ್ಕೇ ತಿಂಗಳು. ಅಷ್ಟರೊಳಗೆ ರಾಜ್ಯದಲ್ಲಿ ನಾಲ್ಕು ಸಾವಿರದ ನೂರು ಜನ ಅದನ್ನು ತೋಳಿನ ಚರ್ಮದ ಕೆಳಗೆ ಹಾಕಿಸಿಕೊಂಡಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಳಿ ಕಡ್ಡಿ ಅದು. ಒಮ್ಮೆ ಹಾಕಿಸಿಕೊಂಡರೆ ಆರು ತಿಂಗಳು ಖಿನ್ನತೆಗೆ ಬೇರೆ ಮಾತ್ರೆ ಬೇಡ. ಜೊತೆಗೆ ಮಣಿಕಟ್ಟಿಗೊಂದು ತೆಳ್ಳನೆಯ ಪಟ್ಟಿ ಕೊಡುತ್ತಿದ್ದರು. ಅದು ಹತ್ತು ಹತ್ತು ನಿಮಿಷಕ್ಕೆ ರಕ್ತದೊತ್ತಡವನ್ನು ಅಳೆದು ಮೈಸೂರಿನ ನಿಗಾ ಕೋಣೆಗೆ ಕಳಿಸುತ್ತಿತ್ತು.

ಆ ಔಷಧವನ್ನು ತಯಾರಿಸಿದ ಮೈಸೂರಿನ ಸಂಶೋಧನಾ ಸಂಸ್ಥೆಯಲ್ಲಿ ಡಾ. ಜಲಜಾಕ್ಷಿ ಔಷಧಶಾಸ್ತ್ರಜ್ಞೆಯಾಗಿದ್ದಳು. ವಯಸ್ಸು ಮೂವತ್ತೊಂಬತ್ತು. ಮದುವೆಯಾಗಿರಲಿಲ್ಲ. ಕುವೆಂಪುನಗರದ ಒಂದು ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ತಾಯಿ ಗುಲಾಬಿಯೊಂದಿಗೆ ಇದ್ದಳು. ಹುಟ್ಟಿದ್ದು ಕುಂದಾಪುರದಾಚೆ, ಗಂಗೊಳ್ಳಿಯ ಹತ್ತಿರದ ಮೀನುಗಾರರ ಕೇರಿಯಲ್ಲಿ. ಗುಲಾಬಿ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದವಳು. ಮಳೆಗಾಲಕ್ಕೆ ಮುಂಚೆ ಬಂಗುಡೆ ಮೀನಿಗೆ ಉಪ್ಪು ಹಾಕಿ ಮರಳಿನ ಮೇಲೆ ಒಣಗಿಸುತ್ತಿದ್ದವಳು. ಸಂಸ್ಥೆಯಲ್ಲಿ ಯಾರಾದರೂ ಊರು ಕೇಳಿದರೆ ಜಲಜಾಕ್ಷಿ ‘ಉಡುಪಿ ಕಡೆ’ ಎನ್ನುತ್ತಿದ್ದಳು. ಉಡುಪಿ ಎಂದರೆ ಜನಕ್ಕೆ ಕೃಷ್ಣಮಠವೂ ಹೋಟೆಲಿನ ದೋಸೆಯೂ ನೆನಪಾಗುತ್ತಿದ್ದವು. ಅವಳು ಅದನ್ನು ತಿದ್ದುತ್ತಿರಲಿಲ್ಲ.

ನಿರಾಲಿನ್ ಮಾಡುತ್ತಿದ್ದ ಕೆಲಸವನ್ನು ಸರಳವಾಗಿ ಹೇಳಬಹುದು. ಮಿದುಳಿನಲ್ಲಿ ಮನಸ್ಸನ್ನು ಎತ್ತಿ ಹಿಡಿಯುವ ಕೆಲವು ರಾಸಾಯನಿಕಗಳಿವೆ. ಅವುಗಳ ಕೆಲಸ ಮುಗಿದ ಮೇಲೆ ಮೊನೊಅಮೀನ್ ಆಕ್ಸಿಡೇಸ್ ಎಂಬ ಕಿಣ್ವ ಅವನ್ನು ಒಡೆದು ಹಾಕುತ್ತದೆ. ಆ ಕಿಣ್ವವನ್ನು ಕಟ್ಟಿಹಾಕಿದರೆ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುತ್ತವೆ, ಕುಸಿದ ಮನಸ್ಸು ನಿಧಾನವಾಗಿ ಮೇಲೇಳುತ್ತದೆ. ಕಳೆದ ಶತಮಾನದ ಮಧ್ಯದಲ್ಲಿ ಕ್ಷಯಕ್ಕೆಂದು ಕೊಟ್ಟ ಒಂದು ಔಷಧ ರೋಗಿಗಳನ್ನು ವಿನಾಕಾರಣ ಗೆಲುವಾಗಿಸಿದಾಗಲೇ ಇದು ಗೊತ್ತಾಗಿತ್ತು. ಆ ಔಷಧ ಯಕೃತ್ತನ್ನು ಕೆಡಿಸಿ ಮೂಲೆ ಸೇರಿತು. ಅದರ ಹಿಂದೆ ಬಂದ ಅದೇ ಜಾತಿಯ ಔಷಧಗಳಿಗೆ ಬೇರೊಂದು ತೊಡಕಿತ್ತು. ಇದೇ ಕಿಣ್ವ ನಮ್ಮ ಕರುಳಿನಲ್ಲೂ ಇದೆ. ಹಳತಾದ, ಹುದುಗಿದ ಆಹಾರದಲ್ಲಿ ಹುಟ್ಟುವ ಟೈರಮಿನ್ ಎಂಬ ವಸ್ತುವನ್ನು ಅದು ಅಲ್ಲಿಯೇ ಮುಗಿಸಿಬಿಡುತ್ತದೆ. ಕಿಣ್ವವನ್ನು ಕಟ್ಟಿಹಾಕಿದರೆ ಟೈರಮಿನ್ ನೇರವಾಗಿ ರಕ್ತಕ್ಕೆ ಸೇರುತ್ತದೆ, ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಮಿದುಳಿನ ನಾಳ ಒಡೆಯಬಹುದು. ವಿದೇಶದಲ್ಲಿ ಒಬ್ಬ ಔಷಧಿಕಾರ, ತನ್ನ ಹೆಂಡತಿಗೆ ಚೀಸ್ ತಿಂದಾಗಲೆಲ್ಲ ತಲೆನೋವು ಬರುವುದನ್ನು ಗಮನಿಸಿ ಬರೆದ ಒಂದು ಕಾಗದದಿಂದ ಈ ಸಂಗತಿ ಬೆಳಕಿಗೆ ಬಂದಿತ್ತು.

ನಿರಾಲಿನ್ ಈ ತೊಡಕನ್ನು ದಾಟಿದೆ ಎಂದು ಸಂಸ್ಥೆಯವರು ನಂಬಿದ್ದರು. ಅದು ರಕ್ತದಲ್ಲಿ ಓಡಾಡುವಾಗ ನಿಷ್ಕ್ರಿಯವಾಗಿರುತ್ತಿತ್ತು. ಮಿದುಳನ್ನು ಹೊಕ್ಕ ಮೇಲೆ ಮಾತ್ರ ಚುರುಕಾಗುತ್ತಿತ್ತು. ಕರುಳಿನ ಕಿಣ್ವವನ್ನು ಅದು ಮುಟ್ಟುವುದಿಲ್ಲ ಎಂದು ನಾಲ್ಕು ವಾರಗಳ ಪರೀಕ್ಷೆ ತೋರಿಸಿತ್ತು. ಆ ಪರೀಕ್ಷೆ ನಡೆಸಿದವಳು ಜಲಜಾಕ್ಷಿಯೇ. ಆದರೂ ಎಚ್ಚರಿಕೆಗೆಂದು ಒಂದು ಪಥ್ಯದ ಪಟ್ಟಿ ಇರಲಿ ಎಂದು ಯೋಜನೆಯ ಮುಖ್ಯಸ್ಥ ಡಾ. ವರದರಾಜ್ ಸಭೆ ಕರೆದರು.

ಒಂದು ಬುಧವಾರ ಬೆಳಿಗ್ಗೆ ಎಂಟು ಜನ ಸೇರಿದರು. ಹಳೆಯ ಚೀಸ್, ವೈನ್, ಬಿಯರು, ಸೋಯಾ ಸಾಸು ಎಲ್ಲವೂ ವಿದೇಶಿ ಪುಸ್ತಕಗಳಿಂದ ನೇರವಾಗಿ ಇಳಿದವು. ನಮ್ಮ ಊಟದಲ್ಲಿ ಏನಿದೆ ಎಂಬ ಪ್ರಶ್ನೆ ಬಂದಾಗ ಒಬ್ಬರು ಅತಿಯಾಗಿ ಕಳಿತ ಬಾಳೆಹಣ್ಣು ಎಂದರು, ಇನ್ನೊಬ್ಬರು ಮೂರು ದಿನದ ಇಡ್ಲಿ ಹಿಟ್ಟು ಎಂದರು. ಆಮೇಲೆ ಮೇಜಿನ ಆ ತುದಿಯಲ್ಲಿ ಕುಳಿತಿದ್ದ ಒಬ್ಬ ತರುಣ ವಿಜ್ಞಾನಿ, ಒಣಮೀನು ಅಂತ ಒಂದಿರುತ್ತದಂತೆ, ಬಸ್ಸಿನಲ್ಲಿ ಯಾರಾದರೂ ತಂದರೆ ಇಡೀ ಬಸ್ಸು ಇಳಿದು ಓಡಬೇಕಂತೆ ಎಂದು ಮೂಗು ಮುಚ್ಚಿ ತೋರಿಸಿದ. ಎಲ್ಲರೂ ನಕ್ಕರು. ವರದರಾಜ್ ಕೂಡ ನಗುತ್ತಲೇ ಅವಳ ಕಡೆ ತಿರುಗಿದರು.

“ನೀವು ಆ ಕಡೆಯವರಲ್ವಾ ಜಲಜಾ? ನೀವೇ ಹೇಳಿ. ಅದನ್ನ ಈಗಲೂ ಜನ ತಿಂತಾರಾ?”

ಏಳು ಜೊತೆ ಕಣ್ಣು ಅವಳ ಮೇಲಿದ್ದವು. ಹಾಸ್ಟೆಲಿನ ದಿನಗಳಲ್ಲಿ ತಾಯಿ ಕಳಿಸಿದ್ದ ಒಣ ಸೀಗಡಿ ಚಟ್ನಿಯ ಡಬ್ಬಿಯನ್ನು ತೆರೆದದ್ದಕ್ಕೆ ಜೊತೆಯ ಹುಡುಗಿಯರು ಹಾಸಿಗೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗಿದ್ದರು. ಆ ದಿನ ಸುಟ್ಟಂತೆ ಬಿಸಿಯಾಗಿದ್ದ ಕಿವಿಗಳು ಈಗ ಮತ್ತೆ ಬಿಸಿಯಾದವು.

“ಈಗ ಯಾರೂ ಅಷ್ಟಾಗಿ ತಿನ್ನಲ್ಲ ಸರ್,” ಎಂದಳು.

ಸಭೆಯ ನಡಾವಳಿಯಲ್ಲಿ ‘ಒಣಮೀನು: ಬಳಕೆ ವಿರಳ, ಸೇರಿಸುವ ಅಗತ್ಯವಿಲ್ಲ. ಮಾಹಿತಿ: ಡಾ. ಜಲಜಾಕ್ಷಿ’ ಎಂದು ದಾಖಲಾಯಿತು. ಅವಳು ಅದರ ಕೆಳಗೆ ಸಹಿ ಹಾಕಿದಳು. ಔಷಧ ಹೇಗೂ ಕರುಳನ್ನು ಮುಟ್ಟುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಮೊದಲ ಆರು ತಿಂಗಳು ನಿರಾಲಿನ್ ಮೈಸೂರು, ಹಾಸನ, ದಾವಣಗೆರೆಗಳಲ್ಲಿ ಮಾತ್ರ ಸಿಗುತ್ತಿತ್ತು. ನವೆಂಬರಿನಲ್ಲಿ ಕರಾವಳಿಗೆ ಹೋಯಿತು. ಫೆಬ್ರವರಿಯಲ್ಲಿ ಗಂಗೊಳ್ಳಿಯಲ್ಲಿ ನಡೆದ ತಪಾಸಣೆ ಶಿಬಿರಕ್ಕೆ ಜಲಜಾಕ್ಷಿ ಸಂಸ್ಥೆಯ ಪರವಾಗಿ ಹೋದಳು. ಅಲ್ಲಿ ಭುಜಂಗ ಮೊಗವೀರ ಎಂಬವನನ್ನು ಕಂಡಳು. ಐವತ್ತರ ಗಟ್ಟಿ ಆಳು. ಎರಡು ವರ್ಷದ ಹಿಂದೆ ಅವನ ದೋಣಿ ಅಳಿವೆಯ ಬಾಯಲ್ಲಿ ಮಗುಚಿ, ಒಡಹುಟ್ಟಿದ ತಮ್ಮ ಅವನ ಕಣ್ಣೆದುರಿಗೇ ಮುಳುಗಿ ಹೋಗಿದ್ದ. ಆಮೇಲೆ ಭುಜಂಗ ಮನೆಯ ಹಿಂದಿನ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಸ್ನಾನವನ್ನೂ ಹೆಂಡತಿ ಬೇಬಿಯೇ ಮಾಡಿಸಬೇಕಾಗಿತ್ತು. ಡಿಸೆಂಬರಿನಲ್ಲಿ ಕಡ್ಡಿ ಹಾಕಿಸಿಕೊಂಡ. ಈಗ ಬಲೆ ಹೆಣೆಯಲು ಕೂರುತ್ತಿದ್ದ.

“ಎರಡ್ ವರ್ಷ ಕಡ್ಲಿನ್ ಶಬ್ದ ಕೇಂಡ್ರೆ ಕೆಮಿ ಮುಚ್ಕಂತಿದ್ದೆ,” ಎಂದು ಅವನು ಅವಳಿಗೆ ಹೇಳಿದ. “ಈಗ ಕೇಂತ್ತ್. ಅಷ್ಟೇ. ಸುಮ್ನೆ ಕೇಂತ್ತ್.”

ಇಷ್ಟಕ್ಕಾಗಿಯೇ ಜಲಜಾಕ್ಷಿ ಹದಿನೈದು ವರ್ಷ ದುಡಿದಿದ್ದಳು. ಆದರೂ ಅವನಿಗೆ ಉತ್ತರ ಕೊಟ್ಟದ್ದು ಮೈಸೂರಿನ ಕನ್ನಡದಲ್ಲಿ. ಡಾಕ್ಟ್ರಮ್ಮನಿಗೆ ಯಾವ ಊರು ಎಂದು ಬೇಬಿ ಕೇಳಿದಾಗ ಮೈಸೂರು ಎಂದಳು. ಬೇಬಿ ಪಥ್ಯದ ಪಟ್ಟಿಯನ್ನು ದೇವರ ಪಟದ ಪಕ್ಕ ಅಂಟಿಸಿದ್ದಳಂತೆ. ಅದರಲ್ಲಿರುವ ಮುಕ್ಕಾಲು ಪದಾರ್ಥಗಳ ಹೆಸರನ್ನೇ ಕೇಳಿಲ್ಲ, ಹಾಗಾಗಿ ಪಥ್ಯ ಸುಲಭ ಎಂದು ನಗುತ್ತ ಹೇಳಿದಳು.

ಜೂನ್ ಒಂದರಿಂದ ಕರಾವಳಿಯಲ್ಲಿ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್. ಜೂನ್ ಎರಡನೆಯ ವಾರ ನಿಗಾ ಕೋಣೆಯಲ್ಲಿ ವಿಚಿತ್ರವೊಂದು ಕಾಣಿಸಿತು.

ನಿಗಾ ಕೋಣೆಯ ಗೋಡೆಯ ಮೇಲೆ ರಾಜ್ಯದ ದೊಡ್ಡ ನಕ್ಷೆಯಿತ್ತು. ಒಬ್ಬೊಬ್ಬ ರೋಗಿಗೆ ಒಂದೊಂದು ಹಸಿರು ಚುಕ್ಕಿ. ಒತ್ತಡ ಏರಿದರೆ ಹಳದಿ, ಅಪಾಯದ ಮಟ್ಟ ಮುಟ್ಟಿದರೆ ಕೆಂಪು. ಕೆಂಪಾದ ಕೂಡಲೇ ರೋಗಿಯ ಮನೆಗೂ ಹತ್ತಿರದ ಆಸ್ಪತ್ರೆಗೂ ಕರೆ ಹೋಗುತ್ತಿತ್ತು. ಆ ವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಭಟ್ಕಳದಿಂದ ಮಲ್ಪೆಯವರೆಗೆ ಕಡಲಂಚಿನ ಚುಕ್ಕಿಗಳು ಸಾಲಾಗಿ ಹಳದಿಯಾಗಿ, ಒಂದೆರಡು ಕೆಂಪಾಗಿ, ಮತ್ತೆ ತಾವಾಗಿಯೇ ಹಸಿರಾದವು. ಮರುದಿನವೂ ಹಾಗೆಯೇ. ಕರೆ ಮಾಡಿದರೆ ಸ್ವಲ್ಪ ತಲೆ ಸಿಡಿಯಿತು, ಈಗ ಸರಿಯಾಗಿದೆ ಎನ್ನುತ್ತಿದ್ದರು.

ನಿಗಾ ಕೋಣೆಯ ಇಂಜಿನಿಯರ್ ನಂದೀಶ ಮೂರು ದಿನ ಅದನ್ನೇ ನೋಡಿ ಒಂದು ತೀರ್ಮಾನಕ್ಕೆ ಬಂದ. ಕರಾವಳಿಯ ಮಳೆ, ಉಪ್ಪುಗಾಳಿ, ತೇವ. ಮಣಿಕಟ್ಟಿನ ಪಟ್ಟಿಯ ಅಳತೆ ತಪ್ಪುತ್ತಿದೆ. ಸುಳ್ಳು ಕರೆಗಳಿಂದ ಆಸ್ಪತ್ರೆಗಳು ಬೇಸತ್ತಿದ್ದವು. ಎರಡು ಗಂಟೆಗಿಂತ ಕಡಿಮೆ ಕಾಲ ಇರುವ ಏರಿಕೆಯನ್ನು ಮಳೆಗಾಲ ಮುಗಿಯುವವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಅವನು ಗಣಕದಲ್ಲಿ ತಿದ್ದುಪಡಿ ಸಿದ್ಧಮಾಡಿದ. ಅದಕ್ಕೆ ಔಷಧಶಾಸ್ತ್ರಜ್ಞರ ಒಪ್ಪಿಗೆ ಬೇಕಿತ್ತು. ಶುಕ್ರವಾರ ಬೆಳಿಗ್ಗೆ ಅವನು ಕಾಗದ ತಂದಾಗ ಜಲಜಾಕ್ಷಿ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. ಊಟದ ಹೊತ್ತು. ಕಡಲಂಚು. ಜೂನ್ ತಿಂಗಳು. ತನಗೆ ಆಗ ಏನೂ ಹೊಳೆಯಲಿಲ್ಲ ಎಂದು ಅವಳು ಮುಂದೆ ವಿಚಾರಣೆಯಲ್ಲಿ ಹೇಳಬಹುದಿತ್ತು. ಹಾಗೆ ಹೇಳಲಿಲ್ಲ. ಹೊಳೆದಿತ್ತು; ಹೊಳೆದದ್ದನ್ನು ಪೂರ್ತಿ ಯೋಚಿಸಲು ಬಿಡದೆ ಸಹಿ ಹಾಕಿದ್ದೆ ಎಂದೇ ಹೇಳಿದಳು.

ಸಂಜೆ ಮನೆಗೆ ಹೋದಾಗ ಗುಲಾಬಿ ಊರಿನ ಯಾರೊಂದಿಗೋ ಫೋನಿನಲ್ಲಿ ಮಾತಾಡಿ ಮುಗಿಸಿದ್ದಳು. ಕಡಲು ಬಹಳ ಜೋರಿದೆಯಂತೆ, ಗಂಗೊಳ್ಳಿಯ ಭುಜಂಗ ಮತ್ತೆ ಮನುಷ್ಯನಾಗಿದ್ದಾನಂತೆ, ಎಲ್ಲ ನಿನ್ನ ಮದ್ದಿನ ಪುಣ್ಯ ಎಂದು ಮಗಳಿಗೆ ಹೆಮ್ಮೆಯಿಂದ ಹೇಳಿದಳು. ಜಲಜಾಕ್ಷಿ ಚೀಲ ಇಳಿಸಿ, ಮಾತಿಗೆ ಮಾತು ಎಂಬಂತೆ, ಊರಲ್ಲಿ ಈಗಲೂ ಮಳೆಗಾಲದಲ್ಲಿ ಒಣಮೀನು ತಿನ್ನುತ್ತಾರಾ ಎಂದು ಕೇಳಿದಳು.

ಗುಲಾಬಿ ಅವಳನ್ನು ನೋಡಿ ನಕ್ಕಳು. “ಮತ್ತೆಂತ ತಿಂಬುದ್ ಹೆಣ್ಣೆ? ಈ ಮಳ್ಗಾಲ್ದಗೆ ಕಡ್ಲಿಗೆ ಯಾರ್ ಹೋತ್ರ್? ಒಣ್ ಮೀನ್ ಇಲ್ದೆ ಗಂಜಿ ಇಳಿತ್ತಾ?”

ಆ ಮನೆಯಲ್ಲಿ ಒಣಮೀನು ಹುರಿಯಬಾರದು ಎಂದು ಒಂಬತ್ತು ವರ್ಷದ ಹಿಂದೆ ಮಗಳೇ ನಿಯಮ ಮಾಡಿದ್ದಳು. ಗುಲಾಬಿ ಒಮ್ಮೆಯೂ ಮುರಿದಿರಲಿಲ್ಲ.

ಶನಿವಾರ ಜಲಜಾಕ್ಷಿ ಮನೆಯಲ್ಲೇ ಕುಳಿತು ಲೆಕ್ಕ ಹಾಕಿದಳು. ಔಷಧದ ಒಂದು ಸಣ್ಣ ಅಂಶ ಮಿದುಳಿನಿಂದ ಹೊರಗೂ ಸೋರುತ್ತಿರಬಹುದು. ಒಮ್ಮೆ ಕಟ್ಟಿಹಾಕಿದ ಕಿಣ್ವವನ್ನು ಅದು ಬಿಡುವುದಿಲ್ಲ. ನಾಲ್ಕು ವಾರದಲ್ಲಿ ಕಾಣದ ಹಾನಿ ಆರು ತಿಂಗಳಲ್ಲಿ ಕರುಳಿನ ಕಿಣ್ವವನ್ನು ಬರಿದು ಮಾಡಬಲ್ಲದು. ಲೆಕ್ಕ ಸರಿಯಾಗಿಯೇ ಇತ್ತು. ಮಾಡಬೇಕಾದದ್ದು ಇಷ್ಟೇ: ವರದರಾಜರಿಗೆ ಒಂದು ಕರೆ, ಕರಾವಳಿಯ ಇನ್ನೂರ ಹನ್ನೆರಡು ರೋಗಿಗಳಿಗೆ ‘ಒಣಮೀನು ಬೇಡ’ ಎಂಬ ಎರಡು ಪದದ ಸಂದೇಶ. ಅವಳು ಫೋನು ಕೈಗೆತ್ತಿಕೊಂಡಳು. ನಡಾವಳಿಯ ಆ ಸಾಲು ನೆನಪಾಯಿತು. ‘ಮಾಹಿತಿ: ಡಾ. ಜಲಜಾಕ್ಷಿ.’ ಹಾಗಾದರೆ ಆವತ್ತು ಯಾಕೆ ಹಾಗೆ ಹೇಳಿದಿರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಮಂಗಳವಾರ ದೆಹಲಿಯಿಂದ ಪರಿಶೀಲನಾ ತಂಡ ಬರುವುದಿತ್ತು. ಅವರ ಎದುರು ಬೇಡ, ಅವರು ಹೋದ ಮೇಲೆ ಬುಧವಾರ ಹೇಳೋಣ ಎಂದುಕೊಂಡು ಫೋನು ಕೆಳಗಿಟ್ಟಳು. ಬುಧವಾರ ತಂಡ ಇನ್ನೂ ಹೋಗಿರಲಿಲ್ಲ.

ಗುರುವಾರ ಮಧ್ಯಾಹ್ನ ಒಂದೂವರೆಗೆ ಭುಜಂಗ ಊಟ ಮಾಡಿದ. ಗಂಜಿ, ಕೆಂಡದಲ್ಲಿ ಸುಟ್ಟ ಒಣ ಬಂಗುಡೆ, ಸೀಗಡಿ ಚಟ್ನಿ. ಎರಡು ಗಂಟೆಗೆ ಹಿಂದಲೆ ಒಡೆದುಹೋಗುತ್ತಿದೆ ಎಂದು ಎರಡು ಕೈಯಲ್ಲೂ ಕತ್ತು ಹಿಡಿದುಕೊಂಡ. ಗೋಡೆಗೆ ಒರಗಿ ವಾಂತಿ ಮಾಡಿದ. ಮಣಿಕಟ್ಟಿನ ಪಟ್ಟಿ ಹತ್ತು ಹತ್ತು ನಿಮಿಷಕ್ಕೆ ಮೈಸೂರಿಗೆ ತಿಳಿಸುತ್ತಲೇ ಇತ್ತು. ಗಣಕ ಅದನ್ನು ಮಳೆಯ ತೇವವೆಂದು ಬದಿಗಿಟ್ಟಿತು. ಯಾರ ಕರೆಯೂ ಬರಲಿಲ್ಲ. ನೆರೆಯವರು ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಪ್ರಜ್ಞೆ ತಪ್ಪಿತು. ನಾಲ್ಕು ಗಂಟೆಗೆ ಜೀವ ಹೋಯಿತು.

ಅದೇ ವಾರ ಬೈಂದೂರಿನಲ್ಲಿ, ಮಲ್ಪೆಯಲ್ಲಿ ಇನ್ನಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಯಿತು. ಅವರು ಬದುಕಿದರು, ಒಬ್ಬರ ಬಲಗೈಯ ಸ್ವಾಧೀನ ಹೋಯಿತು. ಸುದ್ದಿ ಹರಡಿದ್ದೇ ತಡ, ಔಷಧ ಮಾರುತ್ತಿದ್ದ ಕಂಪನಿ ಹತ್ತೇ ದಿನದಲ್ಲಿ ನಿರಾಲಿನ್ ಅನ್ನು ಹಿಂತೆಗೆದುಕೊಂಡಿತು. ಊರೂರಿನ ಆಸ್ಪತ್ರೆಗಳಲ್ಲಿ ಸಾಲು ನಿಲ್ಲಿಸಿ ತೋಳುಗಳಿಂದ ಬಿಳಿ ಕಡ್ಡಿಗಳನ್ನು ತೆಗೆದರು. ಎರಡು ಮೂರು ವಾರಕ್ಕೆ ದೇಹ ಹೊಸ ಕಿಣ್ವ ಕಟ್ಟಿಕೊಳ್ಳುತ್ತದೆ. ಅದರ ಜೊತೆಗೆ ಹಳೆಯ ಕತ್ತಲೆಯೂ ವಾಪಸು ಬರುತ್ತದೆ. ಸಂಸ್ಥೆಗೆ ಪತ್ರಗಳು ಬರತೊಡಗಿದವು. ತಿಪಟೂರಿನ ಒಬ್ಬ ನಿವೃತ್ತ ಶಿಕ್ಷಕಿ ವಾರಕ್ಕೊಂದು ಬರೆಯುತ್ತಿದ್ದರು: ನನಗೆ ಏನೂ ಆಗಿರಲಿಲ್ಲವಲ್ಲ, ನನ್ನದನ್ನು ಯಾಕೆ ತೆಗೆದಿರಿ? ದುಂಡನೆಯ, ಅಚ್ಚುಕಟ್ಟಾದ ಅಕ್ಷರ. ನಾಲ್ಕನೆಯ ಪತ್ರದಲ್ಲಿ ಸಾಲುಗಳು ಜಾರುತ್ತಿದ್ದವು. ಐದನೆಯದರಲ್ಲಿ ಎರಡೇ ಸಾಲಿದ್ದವು. ಆರನೆಯ ವಾರ ಪತ್ರ ಬರಲಿಲ್ಲ.

ಸಾವಿನ ಕಾರಣದ ವರದಿ ಬರೆಯುವ ಕೆಲಸ ಜಲಜಾಕ್ಷಿಗೇ ಬಂತು. ಕಂಪನಿಯ ಪ್ರತಿನಿಧಿಗಳು ಆಗಲೇ ಗಂಗೊಳ್ಳಿಗೆ ಹೋಗಿ, ರೋಗಿ ಪಥ್ಯ ಮುರಿದಿರುವಂತಿದೆ ಎಂದು ಹೆಂಡತಿಗೆ ಹೇಳಿ ಬಂದಿದ್ದರು. ಆ ಮನೆಯ ಊಟದ ವಿವರ ತರುವ ನೆಪದಲ್ಲಿ ಅವಳು ಜುಲೈ ಕೊನೆಯಲ್ಲಿ ಅಲ್ಲಿಗೆ ಹೋದಳು. ನೆಪ ಎಂದೇ ಹೇಳಬೇಕು. ವಿವರ ಅವಳಿಗೆ ಗೊತ್ತಿತ್ತು.

ಬೇಬಿ ಇನ್ನಷ್ಟು ಸಣ್ಣಗಾಗಿದ್ದಳು. ಚಾಪೆ ಹಾಕಿ ಕೂರಿಸಿ, ಬೆಲ್ಲ ನೀರು ಕೊಟ್ಟಳು. ದೇವರ ಪಟದ ಪಕ್ಕದ ಪಟ್ಟಿ ಹಾಗೆಯೇ ಇತ್ತು. ಜಲಜಾಕ್ಷಿ ಪುಸ್ತಕ ತೆರೆದು ಕೊನೆಯ ವಾರದ ಊಟ ಕೇಳತೊಡಗಿದಾಗ ಬೇಬಿ ಒಮ್ಮೆ ಬಾಗಿಲ ಕಡೆ ನೋಡಿದಳು. ಮಗಳು ಹೊರಗೆ ಬಟ್ಟೆ ಒಗೆಯುತ್ತಿದ್ದಳು. ಬೇಬಿ ದನಿ ತಗ್ಗಿಸಿದಳು.

“ಸಾಯುಕ್ ಎರಡ್ ದಿನ ಮುಂಚೆ ನಾ ಬನ್ಸ್ ಮಾಡಿದ್ದೆ ಡಾಕ್ಟ್ರಮ್ಮ. ಕಪ್ಪಾದ್ ಬಾಳೆಹಣ್ಣ್ ಹಾಕಿ. ಚೀಟಿಯಗೆ ಬರ್ದಿತ್ತ್, ಮಗಳ್ ಓದಿ ಹೇಳಿದ್ಲ್. ನಾ ಮರ್ತೆ. ನಾಲ್ಕ್ ಬನ್ಸ್ ತಿಂದ್ರ್ ಅವ್ರ್, ಖುಷಿಯಗೆ. ನಾನೇ ಕೊಂದದ್ದ್. ಮಗಳಿಗೂ ಹೇಳ್ಲಿಲ್ಲ.”

ಐದು ವಾರ ಅವಳು ಅದನ್ನು ಹೊತ್ತು ತಿರುಗಿದ್ದಳು. ಒಲೆಯ ಮುಂದೆ ಕೂತಾಗ, ಸೊಸೈಟಿಯ ಸಾಲಿನಲ್ಲಿ ನಿಂತಾಗ, ಜನ ಸಮಾಧಾನ ಹೇಳಲು ಬಂದಾಗ. ಜಲಜಾಕ್ಷಿ ಪುಸ್ತಕ ಮುಚ್ಚಿದಳು. ಬಾಳೆಹಣ್ಣಿನಿಂದ ಅಲ್ಲ ಎಂದಳು. ಅಷ್ಟನ್ನೇ ಹೇಳಿ ಎದ್ದು ಬರಬಹುದಿತ್ತು. ಒಂದು ಕ್ಷಣ ಹಾಗೆ ಮಾಡುವ ಆಸೆಯೂ ಆಯಿತು. ಬೇಬಿ ಅವಳ ಮುಖವನ್ನೇ ನೋಡುತ್ತಿದ್ದಳು, ನಂಬಲು ಹೆದರುತ್ತಿರುವ ಹಾಗೆ.

“ಬೇಬಿಯಕ್ಕ, ಅದ್ ಒಣ್ ಮೀನಿಂದ ಆದದ್ದ್,” ಎಂದು ಜಲಜಾಕ್ಷಿ ತನ್ನ ಊರಿನ ಮಾತಿನಲ್ಲಿ ಶುರುಮಾಡಿದಳು. ಇಪ್ಪತ್ತು ವರ್ಷದಿಂದ ತಾಯಿಯೊಬ್ಬಳ ಹತ್ತಿರ ಬಿಟ್ಟು ಯಾರಲ್ಲೂ ಆಡದ ಮಾತು ನಾಲಿಗೆಯಲ್ಲಿ ಎಡವುತ್ತಿತ್ತು. ತಾನು ಯಾವ ಕೇರಿಯವಳು, ಯಾರ ಮಗಳು ಎಂದು ಹೇಳಿದಳು. ಸಭೆಯ ಮಾತು ಹೇಳಿದಳು, ಎಲ್ಲರೂ ನಕ್ಕದ್ದು, ತನ್ನನ್ನು ಕೇಳಿದ್ದು, ತಾನು ಕೊಟ್ಟ ಉತ್ತರ. ಹಳದಿ ಚುಕ್ಕಿಗಳನ್ನು ಹೇಳಿದಳು. ಶನಿವಾರ ಫೋನು ಎತ್ತಿ ಕೆಳಗಿಟ್ಟದ್ದನ್ನೂ ಹೇಳಿದಳು. ಗುರುವಾರಕ್ಕೆ ಇನ್ನೂ ಐದು ದಿನ ಇತ್ತು ಎಂಬುದನ್ನು ಬಿಡಲಿಲ್ಲ.

ಹೊರಗೆ ಬಟ್ಟೆ ಕಲ್ಲಿಗೆ ಬಡಿಯುವ ಶಬ್ದ ನಿಂತು ಮತ್ತೆ ಶುರುವಾಯಿತು. ಬೇಬಿಯ ಮೊದಲ ಮಾತು ಗಂಡನ ಬಗ್ಗೆ ಆಗಿರಲಿಲ್ಲ.

“ನಾವ್ ತಿಂಬುದನ್ನ ಹೇಳುಕೆ ನಿಂಗೆ ನಾಚ್ಕಿ ಆಯ್ತಾ?”

“ಆಯ್ತ್,” ಎಂದಳು ಜಲಜಾಕ್ಷಿ.

“ನಿನ್ನ್ ಅಬ್ಬಿ ಗುಲಾಬಕ್ಕನ ಮೀನ್ ನಾನೂ ತಿಂದಿದ್ದೆ.” ಬೇಬಿ ಎದ್ದು ಗೋಡೆಯ ಪಟ್ಟಿಯನ್ನು ಕಿತ್ತಳು. ಹರಿಯಲಿಲ್ಲ, ಮಡಚಿ ಜಲಜಾಕ್ಷಿಯ ಮುಂದಿಟ್ಟಳು. “ನಂಗೊಬ್ಬಳಿಗೆ ಹೇಳ್ರೆ ಸಾಲ್ದ್. ಎಲ್ಲ ವರದಿಯಗೆ ಬರಿಕ್ ನೀನ್. ಮತ್ತೆ ಈ ಕಡ್ಡಿ ಹಾಕ್ಸಿದ್ ಎಲ್ಲ ಮನಿಗೂ ಹೋಯಿ ಬಾಯಾರೆ ಹೇಳ್ಕ್. ನನ್ನಂಗೆ ಇನ್ನೆಷ್ಟ್ ಜನ ತಾವೇ ಮಾಡಿದ್ದ್ ಅಂದ್ಕಂಡಿದ್ರೋ.”

ಅವಳು ಕ್ಷಮಿಸಿದಳೋ ಇಲ್ಲವೋ ಜಲಜಾಕ್ಷಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಹೊರಡುವಾಗ ಬೇಬಿ ಮನೆಯ ಮಾಡಿನ ಕೆಳಗಿನ ಮಡಕೆಯಿಂದ ಎರಡು ಒಣ ಬಂಗುಡೆ ತೆಗೆದು, ಪರೀಕ್ಷೆಗೆ ಬೇಕಾದೀತು ಎಂದು ಕಾಗದದಲ್ಲಿ ಸುತ್ತಿ ಕೊಟ್ಟಳು. ಭುಜಂಗ ತಿಂದದ್ದು ಅದೇ ಮಡಕೆಯದಂತೆ. ಮೈಸೂರಿನ ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ನೋಡಿದರು, ಕಿಟಕಿ ತೆರೆದರು. ಜಲಜಾಕ್ಷಿ ಪೊಟ್ಟಣವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕುಳಿತಳು.

ಪ್ರಯೋಗಾಲಯದಲ್ಲಿ ಅದರ ಟೈರಮಿನ್ ಅಳೆದಳು. ಆ ಔಷಧ ತೆಗೆದುಕೊಳ್ಳುವವನಿಗೆ ಅಪಾಯವಾಗುವ ಪ್ರಮಾಣದ ಮೂರು ಪಟ್ಟು ಒಂದೇ ಮೀನಿನಲ್ಲಿತ್ತು. ಮಾರ್ಚಿನಲ್ಲಿ ಒಣಗಿಸಿದ ಮೀನಿನಲ್ಲಿ ಅದು ಜೂನಿನ ತೇವದಲ್ಲಿ ದಿನದಿಂದ ದಿನಕ್ಕೆ ಏರಿತ್ತು.

ತಾಯಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಭಾನುವಾರ ಬೆಳಿಗ್ಗೆ, ಗುಲಾಬಿ ಅಕ್ಕಿ ಆರಿಸುತ್ತಿರುವಾಗ ಹೇಳಿದಳು. ಗುಲಾಬಿಯ ಕೈ ಮೊರದ ಮೇಲೆ ನಿಂತಿತು. ಆ ಮೀನು ಮಾರಿಯೇ ಮಗಳನ್ನು ಓದಿಸಿದ್ದು ಎಂಬುದು ಇಬ್ಬರಿಗೂ ಗೊತ್ತಿತ್ತು. ಗುಲಾಬಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಭುಜಂಗನ ಮಗಳಿಗೆ ಎಷ್ಟು ವಯಸ್ಸು ಎಂದು ಮಾತ್ರ ಕೇಳಿದಳು. ಹತ್ತೊಂಬತ್ತು ಎಂದಾಗ ತಲೆಯಾಡಿಸಿ ಮತ್ತೆ ಅಕ್ಕಿ ಆರಿಸತೊಡಗಿದಳು. ಅವತ್ತು ಮಧ್ಯಾಹ್ನ ಅವಳು ಊಟ ಮಾಡಲಿಲ್ಲ.

ವರದಿ ಓದಿದ ಡಾ. ವರದರಾಜ್ ಅವಳನ್ನು ಕೋಣೆಗೆ ಕರೆದರು. ‘ಕಾರಣ ಸ್ಪಷ್ಟವಾಗಿಲ್ಲ’ ಎಂದು ಮುಗಿಸಿದರೆ ಸಂಸ್ಥೆಗೂ ಕಂಪನಿಗೂ ಅವಳಿಗೂ ಅನುಕೂಲ ಎಂದು ಹೇಳಲು ಕರೆದಿದ್ದರು; ಹೇಳಿದರು ಕೂಡ. ಅವಳು ಒಪ್ಪದಿದ್ದಾಗ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ನಾನು ನಗ್ತಾ ಕೇಳಿದೆ ಅಲ್ವಾ ಆವತ್ತು,” ಎಂದರು. “ಅದನ್ನೂ ಬರೀರಿ.”

ಅವಳು ಅದನ್ನು ಬರೆಯಲಿಲ್ಲ. ತನ್ನ ಪಾಲನ್ನು ಹಂಚಿದಂತಾಗುತ್ತದೆ ಅನ್ನಿಸಿತು. ಆರು ತಿಂಗಳ ಪರೀಕ್ಷೆ ಮಾಡಿಸದೆ ಔಷಧ ಹೊರಬಿಟ್ಟ ತಪ್ಪನ್ನು ವಿಚಾರಣೆಯ ದಿನ ವರದರಾಜ್ ತಾವೇ ಎದ್ದು ಒಪ್ಪಿಕೊಂಡರು.

ಸೆಪ್ಟೆಂಬರಿನಲ್ಲಿ ವಿಚಾರಣೆ ಮುಗಿಯಿತು. ಐದು ವರ್ಷ ಯಾವ ಔಷಧ ಪರೀಕ್ಷೆಯಲ್ಲೂ ಜಲಜಾಕ್ಷಿ ಭಾಗವಹಿಸುವಂತಿಲ್ಲ ಎಂದು ತೀರ್ಪಾಯಿತು. ಸಂಸ್ಥೆ ಅವಳನ್ನು ಕೆಲಸದಿಂದ ತೆಗೆಯಿತು. ಭುಜಂಗನ ಸಾವಿಗೆ ಪಥ್ಯ ಮುರಿದದ್ದು ಕಾರಣವಲ್ಲ ಎಂದು ಸರ್ಕಾರದ ಮೊಹರು ಬಿದ್ದ ಕಾಗದ ಬೇಬಿಯ ಮನೆಗೆ ಹೋಯಿತು. ನಿರಾಲಿನ್ ಮಾತ್ರ ತಿರುಗಿ ಬರಲಿಲ್ಲ. ಪಥ್ಯದ ಪಟ್ಟಿಗೆ ಒಂದು ಸಾಲು ಸೇರಿಸಿ, ಮಣಿಕಟ್ಟಿನ ಪಟ್ಟಿಗಳ ಅಳತೆಯನ್ನು ಸರಿಯಾಗಿ ಗಮನಿಸಿದರೆ ಹೆಚ್ಚಿನವರಿಗೆ ಅದನ್ನು ಕೊಡಬಹುದು ಎಂದು ವರದಿಯಲ್ಲಿ ಬರೆದಿತ್ತು. ಆದರೆ ಸಾವಿನ ಸುದ್ದಿ ಅಂಟಿದ ಹೆಸರನ್ನು ಮತ್ತೆ ಮಾರಲು ಕಂಪನಿಗೆ ಮನಸ್ಸಿರಲಿಲ್ಲ. ತಯಾರಿಕೆಯ ಸಾಲನ್ನು ಕಳಚಿ ಬೇರೆ ಔಷಧಕ್ಕೆ ಬಳಸಿಕೊಂಡರು. ಜಲಜಾಕ್ಷಿ ತಿಪಟೂರಿಗೆ ಫೋನು ಮಾಡಿದಳು. ಶಿಕ್ಷಕಿಯ ಅಳಿಯ ಎತ್ತಿಕೊಂಡು, ಅತ್ತೆ ಆಸ್ಪತ್ರೆಯಲ್ಲಿದ್ದಾರೆ, ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದರು.

ಅಕ್ಟೋಬರಿನಲ್ಲಿ ಅವಳು ಊರಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಮನೆ ಮನೆಗೆ ನಡೆಯತೊಡಗಿದಳು. ಇನ್ನೂರ ಹನ್ನೊಂದು ಮನೆಗಳು. ಕೆಲವರು ಕೂರಿಸಿ ಕೇಳಿದರು. ಮರವಂತೆಯಲ್ಲಿ ಒಬ್ಬ ಬೈದು ಅಂಗಳದಿಂದ ಇಳಿಸಿದ. ಬೈಂದೂರಿನಲ್ಲಿ ಬಲಗೈಯ ಸ್ವಾಧೀನ ಕಳೆದುಕೊಂಡವನು ಎಡಗೈಯಿಂದ ಬಾಗಿಲು ಹಾಕಿಕೊಂಡ. ಬೇಬಿ ಹೇಳಿದ್ದು ನಿಜವಾಗಿತ್ತು: ಎಷ್ಟೋ ಮನೆಗಳಲ್ಲಿ ತಲೆಸಿಡಿತಕ್ಕೆ ಹೆಂಗಸರು ತಮ್ಮದೇ ಏನೋ ತಪ್ಪು ಹುಡುಕಿಟ್ಟುಕೊಂಡಿದ್ದರು.

ಕೋಡಿ ಎಂಬ ಊರಿನಲ್ಲಿ ಒಂದು ಮಧ್ಯಾಹ್ನ ಅವಳು ಹೊಕ್ಕ ಮನೆಯಲ್ಲಿ ಅತ್ತೆ ಒಬ್ಬಳು ಮೊಮ್ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ಕಡ್ಡಿ ಹಾಕಿಸಿಕೊಂಡಿದ್ದವಳು ಸೊಸೆ, ಪುಷ್ಪಲತಾ, ಇಪ್ಪತ್ತಾರು ವರ್ಷ. ಹೆರಿಗೆಯ ನಂತರ ಮನಸ್ಸು ಕುಸಿದವಳು ನಿರಾಲಿನ್ ಇದ್ದಷ್ಟು ದಿನ ಮಗುವನ್ನು ಎತ್ತಿಕೊಂಡಿದ್ದಳಂತೆ. ಈಗ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಜಲಜಾಕ್ಷಿ ಬಾಗಿಲ ಬಳಿ ಕುಳಿತು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ನೂರ ಇಪ್ಪತ್ತು ಮನೆಗಳಲ್ಲಿ ಹೇಳಿದರೂ ಆ ಮಾತು ಸಲೀಸಾಗಿರಲಿಲ್ಲ.

ಅತ್ತೆ ಚಮಚ ಕೆಳಗಿಟ್ಟಳು. “ಒಣ್ ಮೀನ್ ಬಿಟ್ಟಿದ್ರೆ ಸಾಕಿತ್ತಾ?”

“ಸಾಕಿತ್ತ್.”

“ಬಿಡ್ತಿತ್ತಲ್ದಾ. ಎಲ್ಲರೂ ಬಿಡ್ತಿದ್ರ್. ಒಂದ್ ಮಾತ್ ಹೇಳಿರೆ.”

ಒಳಗಿನಿಂದ ಚಾಪೆ ಸರಿದ ಸದ್ದಾಯಿತು. ಪುಷ್ಪಲತಾ ಈ ಕಡೆ ತಿರುಗಿದ್ದಳು. ಕೂದಲು ಬಾಚದೆ ಎಷ್ಟೋ ದಿನವಾಗಿತ್ತು. ವಾರದಿಂದ ಅವಳು ಮಾತಾಡಿರಲಿಲ್ಲ ಎಂದು ಅತ್ತೆ ಆಮೇಲೆ ಹೇಳಿದಳು.

“ಅಕ್ಕ, ಆ ಮದ್ದ್ ಮತ್ತೆ ಯಾವಾಗ ಬತ್ತ್? ನಾ ಮೀನ್ ತಿಂತಿಲ್ಲೆ.”

ಜಲಜಾಕ್ಷಿ ಬರುವುದಿಲ್ಲ ಎಂದು ಹೇಳಿದಳು. ಯಾಕೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಮತ್ತೆ ಗೋಡೆಯ ಕಡೆ ತಿರುಗಿಯಾಗಿತ್ತು. ಮಗು ಅಜ್ಜಿಯ ಸೆರಗು ಜಗ್ಗಿತು. ಅತ್ತೆ ಚಮಚ ಎತ್ತಿಕೊಂಡು ತಣ್ಣಗಾಗುತ್ತಿದ್ದ ಗಂಜಿಯನ್ನು ಕಲಸಿದಳು. ಹೋಗು ಎಂದೂ ಅನ್ನಲಿಲ್ಲ, ಕೂರು ಎಂದೂ ಅನ್ನಲಿಲ್ಲ. ಜಲಜಾಕ್ಷಿ ಅಲ್ಲೇ, ಹೊಸ್ತಿಲ ಹೊರಗೆ, ಮಗುವಿನ ಊಟ ಮುಗಿಯುವವರೆಗೆ ಕುಳಿತಿದ್ದಳು.